ನಿಮ್ಮ ಪ್ರಶ್ನೆ: ಮುಳ್ಳುಮರದಲ್ಲಿ ನೇತಾಡುವ ಕೊರಡು

ಪ್ರಶ್ನೆ: ಮಗಳ ಮನೆಗೆಂದು ಕೀನ್ಯಾಗೆ ಹೋಗಿದ್ದೆ. ನೈರೋಬಿಯಿಂದ ಮೊಂಬಾಸಾಗೆ ಹೋಗುವ ದಾರಿಯಲ್ಲಿ, ಕಿಬ್ವೇಜಿ ಹತ್ತಿರ, ಮರಗಳಲ್ಲಿ ಮೃದಂಗದಂಥ ಕೊರಡುಗಳು ನೇತಾಡುತ್ತಿದ್ದವು. ಜೇನುಗೂಡು ಎಂದರು. ನಾನು ಮೂವತ್ತು ವರ್ಷದಿಂದ ಪೆಟ್ಟಿಗೆಯಲ್ಲಿ ತುಡುವೆ ಜೇನು ಸಾಕುತ್ತಿದ್ದೇನೆ. ಅವರೇಕೆ ಇನ್ನೂ ಪೆಟ್ಟಿಗೆಗೆ ಬಂದಿಲ್ಲ? – ಓದುಗರೊಬ್ಬರು, ಸಿದ್ದಾಪುರ

ಉತ್ತರ: ಇದೇ ಪ್ರಶ್ನೆಯನ್ನು ನಾನೂ ಕೇಳಿದ್ದೆ ರಾಯರೇ, ಸ್ವಲ್ಪ ಜಂಬದಿಂದಲೇ. ಕೊಳವೆಬಾವಿ ಕೆಲಸಕ್ಕೆಂದು ಕೀನ್ಯಾದ ಕಿಟುಯಿಯಲ್ಲಿ ಐದು ವರ್ಷ ಇದ್ದೆ. ಅಲ್ಲಿನ ಬಡಗಿಯಿಂದ ಪೆಟ್ಟಿಗೆ ಮಾಡಿಸಿ, ನಮ್ಮೂರಿನ ಹಾಗೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲಿಟ್ಟು, ಮನೆ ಹಿಂದೆ ಕೂರಿಸಿದೆ. ಇರುವೆ ಬರಲಿಲ್ಲ, ನಿಜ. ಜೇನುಗೂಡು ಒಡೆಯುವ ಕಾಡುಪ್ರಾಣಿ ತರಕರಡಿ ಬಂತು. ಬೆಳಿಗ್ಗೆ ನೋಡಿದರೆ ಮುಚ್ಚಳ ಒಂದು ಕಡೆ, ಚೌಕಟ್ಟುಗಳು ಇನ್ನೊಂದು ಕಡೆ, ಎರಿಯ, ಅಂದರೆ ಮೇಣದ ತಟ್ಟಿಯ, ಚೂರು ಅಂಗಳದ ತುಂಬ. ಪಕ್ಕದ ಮನೆಯ, ಅಲ್ಲಿನ ಕಾಂಬಾ ಜನಾಂಗದ ಅಜ್ಜ ಬಂದು ನೋಡಿ, ತನ್ನ ಮರದ ಕಡೆಗೆ ಗದ್ದ ಎತ್ತಿ ತೋರಿಸಿದರು. ಅವರ ಕೊರಡುಗಳು ತಂತಿಯಲ್ಲಿ ನೇತಾಡುತ್ತಿದ್ದವು, ಪ್ರಾಣಿಯ ಉಗುರಿಗೆ ಹಿಡಿತವೇ ಸಿಗದಂತೆ.

ಕೊರಡು ಎಂದರೆ ಸುಮಾರು ಒಂದು ಮೀಟರ್ ಉದ್ದದ ಮರದ ತುಂಡು. ಒಳಗನ್ನು ಉಳಿಯಿಂದ ಕೆತ್ತಿ ಟೊಳ್ಳು ಮಾಡಿ, ಎರಡೂ ತುದಿಗೆ ಹಲಗೆಯ ಬಿಲ್ಲೆ ಕೂರಿಸುತ್ತಾರೆ. ಜೇನುನೊಣ ಓಡಾಡಲು ಬೆರಳು ತೂರುವಷ್ಟು ತೂತು. ಹೊರಮೈಯಲ್ಲಿ ಯಜಮಾನನ ಗುರುತು ಕೊರೆದಿರುತ್ತದೆ, ನಾವು ದನಕ್ಕೆ ಬರೆ ಹಾಕಿದ ಹಾಗೆ. ಸ್ವಾಹಿಲಿಯಲ್ಲಿ ಇದಕ್ಕೆ ‘ಮ್ಜಿಂಗಾ’ ಎನ್ನುತ್ತಾರೆ. ಫಿರಂಗಿಗೂ ಅದೇ ಹೆಸರು, ಆಕಾರ ನೋಡಿದರೆ ಏಕೆಂದು ತಿಳಿಯುತ್ತದೆ. ಒಳಗೋಡೆಗೆ ಹಳೆಯ ಮೇಣ ತಿಕ್ಕಿ ನೇತುಹಾಕಿದರೆ ಮುಗಿಯಿತು. ನೊಣವನ್ನು ಹಿಡಿದು ತಂದು ತುಂಬುವ ಕೆಲಸವಿಲ್ಲ, ಅದಾಗಿಯೇ ಬರುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಆ ಸೀಮೆಯಲ್ಲಿ ಮಾರ್ಚ್‌ನಿಂದ ಮೇವರೆಗೆ ಒಂದು ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು. ಮಳೆ ಬಿದ್ದರೆ ಜಾಲಿ ಜಾತಿಯ ಮರಗಳೆಲ್ಲ ಹೂವು. ಕೈಕೊಟ್ಟರೆ ನೊಣ ಎರಿ ಬಿಟ್ಟು ಎದ್ದು ಹೋಗುತ್ತದೆ. ನಮ್ಮ ತುಡುವೆಯೂ ಎದ್ದು ಹೋಗುವುದು ಇದ್ದದ್ದೇ, ಆದರೆ ಅಲ್ಲಿ ಅದು ದಿನಚರಿ. ದುಡ್ಡು ಸುರಿದು ಮಾಡಿಸಿದ ಪೆಟ್ಟಿಗೆ ಆರು ತಿಂಗಳು ಖಾಲಿ ಬಿದ್ದರೆ ಹೊಟ್ಟೆ ಉರಿಯುತ್ತದೆ. ಕೊರಡಿಗೆ ಹೋದದ್ದು ನಾಲ್ಕು ದಿನದ ಕೈಕೆಲಸ ಮಾತ್ರ. ಅಜ್ಜನ ಬಳಿ ನಲವತ್ತು ಕೊರಡುಗಳಿದ್ದವು. ಒಳ್ಳೆಯ ಮಳೆಯ ವರ್ಷವೂ ಅರ್ಧದಷ್ಟರಲ್ಲಿ ಮಾತ್ರ ಜೇನು. ಉಳಿದವು ಖಾಲಿ ಎಂದು ಅವರು ಕೊರಗಿದ್ದನ್ನು ನಾನು ಕಾಣೆ.

ಹಾಗೆಂದು ಕೊರಡಿನ ವಕಾಲತ್ತು ಪೂರ್ತಿ ವಹಿಸಲಾರೆ. ಅದಕ್ಕೆ ಒಳ್ಳೆಯ ಮರ ಕಡಿಯಬೇಕು. ಕತ್ತಲಲ್ಲಿ ಮರ ಹತ್ತಬೇಕು, ಹೀಗಾಗಿ ಹೆಂಗಸರು ಈ ಕಸುಬಿನಿಂದ ಹೊರಗೇ ಉಳಿದರು. 1970ರ ದಶಕದಲ್ಲಿ ಅಲ್ಲೇ ರೂಪುಗೊಂಡ ‘ಕೀನ್ಯಾ ಟಾಪ್ ಬಾರ್’ ಗೂಡು ಒಳ್ಳೆಯ ನಡುದಾರಿ. ಇಳಿಜಾರು ಗೋಡೆಯ ಉದ್ದ ತೊಟ್ಟಿ, ಮೇಲೆ ಸಾಲಾಗಿ ಪಟ್ಟಿಗಳು, ಪಟ್ಟಿಗೊಂದು ಎರಿ. ಸೊಂಟದೆತ್ತರಕ್ಕೆ ತಂತಿಯಲ್ಲಿ ತೂಗುಬಿಟ್ಟರೆ ಯಾರು ಬೇಕಾದರೂ ತೆಗೆಯಬಹುದು. ಆ ಎತ್ತರಕ್ಕೆ ತರಕರಡಿಯೂ ಕೈಹಾಕುತ್ತದೆ ಅನ್ನುವುದು ಬೇರೆ ಮಾತು.

ಇನ್ನೊಂದು, ಅಲ್ಲಿಯ ನೊಣದ ಹತ್ತಿರ ತುಡುವೆಯ ಸಲಿಗೆ ಬೇಡ. 1956ರಲ್ಲಿ ಬ್ರೆಜಿಲ್‌ಗೆ ಒಯ್ದು, ತಪ್ಪಿಸಿಕೊಂಡು ಎರಡೂ ಅಮೆರಿಕಗಳಲ್ಲಿ ‘ಕೊಲೆಗಡುಕ ಜೇನು’ ಎನಿಸಿಕೊಂಡದ್ದು ಇದರದೇ ಸಂತತಿ.

ಪ್ರಶ್ನೆ: ಜೇನಿರುವ ಮರ ತೋರಿಸುವ ಹಕ್ಕಿ ಆಫ್ರಿಕಾದಲ್ಲಿದೆಯಂತೆ. ಕಟ್ಟುಕತೆಯೇ? – ವಿದ್ಯಾರ್ಥಿನಿ, ಹಾವೇರಿ

ಉತ್ತರ: ಖಂಡಿತ ಅಲ್ಲಮ್ಮಾ. ಹನಿಗೈಡ್ ಎನ್ನುತ್ತಾರೆ. ಉತ್ತರ ಕೀನ್ಯಾದ ಬೋರಾನ್ ಜನ ಮುಷ್ಟಿಯಲ್ಲಿ ಅಥವಾ ಬಸವನಹುಳುವಿನ ಚಿಪ್ಪಿನಲ್ಲಿ ಜೋರಾಗಿ ಸಿಳ್ಳೆ ಹಾಕಿ ಅದನ್ನು ಕರೆಯುತ್ತಾರೆ. ಹಕ್ಕಿ ಚಟಚಟ ಎನ್ನುತ್ತ ಕೊಂಬೆಯಿಂದ ಕೊಂಬೆಗೆ ಹಾರಿ ಮುಂದೆ ಸಾಗುತ್ತದೆ. ಜನ ಹಿಂಬಾಲಿಸಿ, ಗೂಡು ಒಡೆದು ಜೇನುತುಪ್ಪ ತೆಗೆದುಕೊಳ್ಳುತ್ತಾರೆ. ಹಕ್ಕಿಗೆ ಮೇಣ ಮತ್ತು ಮರಿಹುಳು. ಇದನ್ನು ಅಳೆದು ನೋಡಿದವರು ಇಸಾಕ್ ಮತ್ತು ರೇಯರ್ ಎಂಬ ವಿಜ್ಞಾನಿಗಳು. ಪರಿಚಯವಿಲ್ಲದ ಜಾಗದಲ್ಲಿ ಹಕ್ಕಿಯ ನೆರವಿಲ್ಲದೆ ಒಂದು ಗೂಡು ಹುಡುಕಲು ಸರಾಸರಿ 8.9 ಗಂಟೆ, ಹಕ್ಕಿ ಇದ್ದರೆ 3.2 ಗಂಟೆ ಎಂದು 1989ರಲ್ಲಿ ಪ್ರಕಟಿಸಿದರು. ಇಸಾಕ್ ಸ್ವತಃ ಬೋರಾನ್. ನನ್ನೆದುರೂ ಒಮ್ಮೆ ಆ ಹಕ್ಕಿ ಕಾಲು ಗಂಟೆ ಚಟಗುಟ್ಟಿತು. ಡ್ರಿಲ್ಲಿಂಗ್ ಲಾರಿ ಕಾಯುತ್ತಿತ್ತು, ನಾನು ಹಿಂದೆ ಹೋಗಲಿಲ್ಲ. ಇಂದಿಗೂ ಹೊಟ್ಟೆ ಚುರುಕ್ ಎನ್ನುತ್ತದೆ.

ಪ್ರಶ್ನೆ: ಅಣ್ಣ ಕೀನ್ಯಾದಿಂದ ತಂದ ಜೇನುತುಪ್ಪ ಕಪ್ಪಗಿದೆ, ಹೊಗೆ ವಾಸನೆ. ಕಲಬೆರಕೆಯೇ? – ಗೃಹಿಣಿ, ತುಮಕೂರು

ಉತ್ತರ: ಹೊಗೆ ವಾಸನೆಯೊಂದರಿಂದಲೇ ಕಲಬೆರಕೆ ಅನ್ನಬೇಡಿ. ರಾತ್ರಿ ಹೊಗೆ ಹಾಕಿ ನೊಣವನ್ನು ಹಿಂದೆ ಸರಿಸಿ, ಎರಿಯನ್ನು ಕೈಗೆ ಸಿಕ್ಕಂತೆ ಕೊಯ್ದು ಹಿಂಡಿದರೆ ಆ ವಾಸನೆ ಬಂದೇ ಬರುತ್ತದೆ. ಅಂಥ ತುಪ್ಪ ಅಲ್ಲಿ ಹಿಂದಿನಿಂದಲೂ ಹೆಚ್ಚಾಗಿ ಹೋಗುತ್ತಿದ್ದುದು ಹೆಂಡಕ್ಕೆ, ಮದುವೆಯ ಮಾತುಕತೆಗೂ ಅದು ಬೇಕು. ಹುಳಿ ಬರಿಸಲು ಸಾಸೇಜ್ ಮರದ ಒಣಗಿದ ಕಾಯಿ ಹಾಕುತ್ತಾರೆ. ಆ ಮರವನ್ನು ಬೆಂಗಳೂರಿನ ಉದ್ಯಾನಗಳಲ್ಲೂ ನೋಡಬಹುದು. ಒಂದೊಂದು ಕಾಯಿ ಹಲವು ಕಿಲೋ ತೂಗುತ್ತದೆ, ಕೆಳಗೆ ನಿಲ್ಲುವಾಗ ತಲೆ ಎತ್ತಿ ನೋಡಿಕೊಳ್ಳಿ.