ಪ್ರಾಚೀನ ಈಜಿಪ್ಟಿನ ಮೆರೆಸಮುನ್ ಎಂಬ ಹೆಣ್ಣುಮಗಳ ಶವಪೆಟ್ಟಿಗೆಯನ್ನು ಯಾರೂ ತೆರೆದಿಲ್ಲ. ಹಾಗಿದ್ರೆ ಆಕೆಯ ಬದುಕು ಗೊತ್ತಾಗಿದ್ದು ಹೇಗೆ?

ಪೆಟ್ಟಿಗೆ ಮೇಲಿನ ಬರಹದಿಂದ ಮತ್ತು ಸಿ.ಟಿ. ಸ್ಕ್ಯಾನ್‌ನಿಂದ.

ಮೆರೆಸಮುನ್ ಕ್ರಿ.ಪೂ. 800ರ ಸುಮಾರಿಗೆ ಈಜಿಪ್ಟಿನ ಥೀಬ್ಸ್‌ನಲ್ಲಿದ್ದವಳು. ಪೆಟ್ಟಿಗೆ ಮೇಲೆ ಆಕೆಯ ಹೆಸರಿನ ಜೊತೆ ಕೆಲಸವೂ ಇದೆ: ಅಮುನ್ ದೇವರ ಗುಡಿಯ ಒಳಭಾಗದ ಗಾಯಕಿ. ಸಾಮಾನ್ಯ ಜನರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಇಂಥ ಕೆಲಸ ಹೆಚ್ಚಾಗಿ ದೊಡ್ಡ ಮನೆತನದ ಹೆಣ್ಣುಮಕ್ಕಳಿಗೆ ಸಿಗುತ್ತಿತ್ತು. ದೇವರ ಸೇವೆ ನಡೆಯುವಾಗ ಅವರು ಗಿಲಕಿಯಂಥ ವಾದ್ಯ ಅಲ್ಲಾಡಿಸುತ್ತಾ ಹಾಡುತ್ತಿದ್ದರು.

ಪೆಟ್ಟಿಗೆ ಯಾಕೆ ತೆರೆದಿಲ್ಲ ಅಂದ್ರೆ, ಅದಕ್ಕೆ ಮುಚ್ಚಳವೇ ಇಲ್ಲ. ನಾರುಬಟ್ಟೆಯ ಪದರಗಳನ್ನು ಅಂಟು, ಗಾರೆ ಹಚ್ಚಿ ದೇಹದ ಆಕಾರಕ್ಕೆ ಮಾಡಿದ ಚಿಪ್ಪು ಅದು. ಮೆತ್ತಗಿರುವಾಗಲೇ ಬೆನ್ನಿನ ಸೀಳಿನಿಂದ ಮಮ್ಮಿಯನ್ನು ಒಳಗಿಟ್ಟು, ಸೀಳನ್ನು ದಾರದಿಂದ ಬಿಗಿದುಬಿಡುತ್ತಿದ್ದರು. ಒಣಗಿದ ಮೇಲೆ ಹೊರಗೆ ಬಣ್ಣದ ಚಿತ್ರ. ಈಗ ತೆರೆಯಬೇಕಂದ್ರೆ ಆ ಚಂದದ ಚಿತ್ರಗಳನ್ನೇ ಹಾಳು ಮಾಡಬೇಕು. 1920ರಲ್ಲಿ ಈಜಿಪ್ಟ್ ಇತಿಹಾಸ ತಜ್ಞ ಜೇಮ್ಸ್ ಹೆನ್ರಿ ಬ್ರೆಸ್ಟೆಡ್ ಈ ಪೆಟ್ಟಿಗೆಯನ್ನು ಕೊಂಡು ಷಿಕಾಗೋ ವಿಶ್ವವಿದ್ಯಾಲಯಕ್ಕೆ ತಂದರು. ಅಂದಿನಿಂದ ಹಾಗೇ ಉಳಿಸಿಕೊಂಡಿದ್ದಾರೆ. ಒಳ್ಳೇ ಕೆಲಸ.

2008ರ ಸ್ಕ್ಯಾನ್‌ನಲ್ಲಿ ಕಂಡಂತೆ, ಸಾಯುವಾಗ ಆಕೆಗೆ ಸುಮಾರು 30 ವರ್ಷ. ಚೆನ್ನಾಗಿ ಉಂಡು ಬೆಳೆದ ಗಟ್ಟಿ ಮೈ. ಕಣ್ಣುಗಳ ಮೇಲೆ ಕಲ್ಲಿನಂಥ ತುಣುಕುಗಳಿವೆ. ನನಗೆ ಜಾಸ್ತಿ ಹಿಡಿಸಿದ್ದು ಹಲ್ಲುಗಳು: ಹುಳುಕಿಲ್ಲ, ಆದರೆ ಚೆನ್ನಾಗಿ ಸವೆದಿವೆ. ಬೀಸುವ ಕಲ್ಲಿನ ಪುಡಿ, ಮರಳು ಬ್ರೆಡ್ಡಿಗೆ ಸೇರುತ್ತಿತ್ತು. ಎಷ್ಟೇ ಸಿರಿವಂತರಾದರೂ ತಿನ್ನುವುದು ಅದನ್ನೇ ಅಲ್ವಾ?