ಹಳ್ಳದ ಪಕ್ಕ ಟೆಂಟ್ ಹಾಕಬಹುದಾ?

ಪ್ರಶ್ನೆ: ದೇವರಾಯನದುರ್ಗದ ಕಡೆ ಹಳ್ಳದ ದಾರಿ ಹಿಡಿದು ನಡೆದು, ಒಂದು ರಾತ್ರಿ ಅಲ್ಲೇ ಉಳಿಯಬೇಕು ಅಂತಿದ್ದೇವೆ. ನೀರಿನ ಪಕ್ಕದ ಮರಳು ಮೆತ್ತಗೆ, ಮಟ್ಟಸವಾಗಿರುತ್ತೆ, ಟೆಂಟಿಗೆ ಒಳ್ಳೇ ಜಾಗ ಅಲ್ವಾ? (ತುಮಕೂರು)

ಅಲ್ಲ. ಗಣೇಶನ ಹಬ್ಬ ಮುಗಿಯುತ್ತಿದ್ದ ಹಾಗೆ ಈ ಪ್ರಶ್ನೆ ಶುರುವಾಗುತ್ತೆ. ಫೋಟೋ ನೋಡಿ ಬಂದ ಆಸೆ, ಗೊತ್ತು. ಆದರೆ ಆ ಮರಳನ್ನು ಅಲ್ಲಿ ತಂದು ಹರಡಿದ್ದು ಯಾರು? ಹಳ್ಳವೇ. ನಮ್ಮ ಕಡೆ ಜಾಸ್ತಿ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅದೂ ಹೆಚ್ಚಾಗಿ ಸಂಜೆ ಮೇಲೆ, ಗುಡುಗು ಸಿಡಿಲಿನ ಜೊತೆ. ನಮ್ಮ ಬೆಟ್ಟಗಳಲ್ಲಿ ಬೋಳು ಬಂಡೆಯೇ ಜಾಸ್ತಿ, ನೀರು ಹೀರಿಕೊಳ್ಳೋಕೆ ಮಲೆನಾಡಿನಂಥ ದಪ್ಪ ಮಣ್ಣಿಲ್ಲ. ಬಿದ್ದ ಮಳೆ ಜಾರಿ ನೇರ ಹಳ್ಳಕ್ಕೆ ಬರುತ್ತೆ. ನೀವು ಮಲಗಿದ ಕಡೆ ಒಂದು ಹನಿಯೂ ಬಿದ್ದಿರುವುದಿಲ್ಲ, ಮೇಲೆ ಬೆಟ್ಟದಲ್ಲಿ ಸ್ವಲ್ಪ ಹೊತ್ತು ಜೋರಾಗಿ ಸುರಿದರೆ ಸಾಕು, ಸಂಜೆ ಪಾದ ಮುಳುಗದ ನೀರು ನೀವು ನಿದ್ದೆಗಣ್ಣಲ್ಲಿ ಜಿಪ್ ಹುಡುಕುವಷ್ಟರಲ್ಲಿ ಟೆಂಟ್ ಒಳಗಿರುತ್ತೆ.

ಹೋದಾಗ ದಡದ ಲಕ್ಕಿ ಗಿಡಗಳನ್ನು ನೋಡಿ. ಕೊಂಬೆಗೆ ಒಣ ಹುಲ್ಲು, ಕಡ್ಡಿ, ಚಿಪ್ಸ್ ಕವರ್ ಸುತ್ತಿಕೊಂಡು, ಗಿಡವೇ ಹರಿವಿನ ಕಡೆಗೆ ಬಾಗಿರುತ್ತೆ. ಯಾರೂ ಅದನ್ನು ಅಲ್ಲಿ ಸಿಕ್ಕಿಸಿಲ್ಲ. ಹೋದ ಸಲ ನೀರು ಬಂದ ಮಟ್ಟ ಅದು. ಟೆಂಟ್ ಅದಕ್ಕಿಂತ ಚೆನ್ನಾಗಿ ಮೇಲಿರಬೇಕು, ಹಳ್ಳದಿಂದ ಕಡಿಮೆ ಎಂದರೂ 60 ಮೀಟರ್ ದೂರ ಇರಬೇಕು. ಬರೀ ದೂರ ಇದ್ದರೆ ಸಾಲದು, ಎತ್ತರ ಮುಖ್ಯ. ಹಾಗಂತ ಬೋಳು ನೆತ್ತಿಗೋ ಒಂಟಿ ಮರದ ಕೆಳಗೋ ಹೋಗಬೇಡಿ, ಸಿಡಿಲಿದೆ. ಬಯಲುಕಡೆಗೂ ಇದೇ 60 ಮೀಟರ್ ಲೆಕ್ಕ, ಅರ್ಧ ಅಡಿಗಿಂತ ಸ್ವಲ್ಪ ಆಳ ಗುಂಡಿ ತೋಡಿ ಮುಚ್ಚಿ.

ತಿಳಿ ನೀರು ಇದ್ದಕ್ಕಿದ್ದ ಹಾಗೆ ಕೆಂಪಾಯಿತು, ತರಗೆಲೆ ತೇಲಿ ಬರೋಕೆ ಶುರುವಾಯಿತು, ಸದ್ದು ದಪ್ಪಗಾಯಿತು ಅಂದರೆ ಮೇಲಕ್ಕೆ ಹತ್ತಿ. ಟೆಂಟ್ ಬಾಡಿಗೆಯದು ಅಂತ ಮಡಚುತ್ತಾ ಕೂರಬೇಡಿ. ಆ ಕಡೆ ದಡದಲ್ಲಿ ಸಿಕ್ಕಿಕೊಂಡರೆ ದಾಟುವ ಸಾಹಸ ಬೇಡ. ಇಂಥ ಸಣ್ಣ ಹಳ್ಳ ಮಳೆ ನಿಂತ ಮೇಲೆ ತಾನಾಗಿ ಇಳಿಯುತ್ತೆ, ಕಾಯಿರಿ. ಕರಡಿ, ಚಿರತೆ ರಾತ್ರಿ ನೀರಿಗೆ ಬರುವುದೂ ಅಲ್ಲಿಗೇ, ಅದನ್ನು ನಾನು ಬಿಡಿಸಿ ಹೇಳಬೇಕಾ?

ಇನ್ನೊಂದು, ಇದೆಲ್ಲ ಅನುಮತಿ ಇದ್ದವರಿಗೆ. ಅಲ್ಲಿ ಸುತ್ತಲೂ ಇರುವುದು ಮೀಸಲು ಅರಣ್ಯ. ಅರಣ್ಯ ಇಲಾಖೆ ಒಪ್ಪದೆ ರಾತ್ರಿ ತಂಗುವುದು ಅಪರಾಧ. 'ಯಾರೂ ಕೇಳಲ್ಲ ಬನ್ನಿ' ಅಂತ ದುಡ್ಡು ತಗೊಂಡು ಕರೆದುಕೊಂಡು ಹೋಗುವವರು, ಗಾರ್ಡ್ ಬಂದಾಗ ಮೊದಲು ಓಡುತ್ತಾರೆ.

ಪ್ರಶ್ನೆ: ಹರಿಯುವ ನೀರು ಶುದ್ಧ ಅಲ್ವಾ, ಹಾಗೇ ಕುಡಿಯಬಹುದಾ? (ಚಿಕ್ಕಬಳ್ಳಾಪುರ)

ಮೇಲುಗಡೆ ಕುರಿ ಮೇಯುತ್ತಿರುತ್ತವೆ. ಕುದಿಸಿ ಕುಡಿಯಿರಿ.

ಪ್ರಶ್ನೆ: ಟೆಂಟ್ ಸುತ್ತ ಉಪ್ಪು, ಬೆಳ್ಳುಳ್ಳಿ ಹಾಕಿದರೆ ಹಾವು ಬರಲ್ಲವಂತೆ? ನಮ್ಮ ಊರಿನವರೊಬ್ಬರು ವಿಷ ಹೀರುವ ಕಲ್ಲನ್ನೂ ಕೊಟ್ಟಿದ್ದಾರೆ. (ಕೋಲಾರ)

ಉಪ್ಪು ಸಾರಿಗೆ ಹಾಕಿ. ಆ ಕಲ್ಲು ವಿಷ ಹೀರಲ್ಲ, ಆಸ್ಪತ್ರೆಗೆ ಹೋಗುವ ಹೊತ್ತನ್ನು ಹೀರುತ್ತೆ. ಕೊಟ್ಟವರಿಗೇ ವಾಪಸ್ ಕೊಡಿ. ನೆಲದ ಮೇಲೆ ಮಲಗುವವರು ಹೆದರಬೇಕಾದ್ದು ಕಟ್ಟು ಹಾವಿಗೆ. ರಾತ್ರಿ ಓಡಾಡುತ್ತೆ, ಕಚ್ಚಿದರೆ ಎಷ್ಟೋ ಸಲ ನೋವಿಲ್ಲ, ಗುರುತೂ ಸರಿಯಾಗಿ ಕಾಣಲ್ಲ. ಬೆಳಗ್ಗೆ ಹೊಟ್ಟೆನೋವು ಅಂತ ಎದ್ದವರ ರೆಪ್ಪೆ ಜೋತುಬೀಳುತ್ತಿದ್ದರೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕೂರಿಸಬೇಡಿ. ಕೊಯ್ಯುವುದು, ಬಾಯಲ್ಲಿ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಬೇಡ. ಅವರನ್ನು ನಡೆಸದೆ ಹೊತ್ತುಕೊಂಡು ಇಳಿಸಿ, 108ಕ್ಕೆ ಫೋನ್ ಮಾಡಿ, ವಿಷ ನಿರೋಧಕ ಇಂಜೆಕ್ಷನ್ ಇರುವ ಆಸ್ಪತ್ರೆಗೆ ಸೇರಿಸಿ. ಮಲಗುವ ಮುಂಚೆ ಜಿಪ್ ಪೂರ್ತಿ ಎಳೆಯಿರಿ, ಬೆಳಗ್ಗೆ ಶೂ ಕೊಡವಿ ಹಾಕಿಕೊಳ್ಳಿ.

ಪ್ರಶ್ನೆ: ಕ್ಯಾಂಪ್ ಫೈರ್? (ಮಧುಗಿರಿ)

ಇಲ್ಲ.