ಅದಿತಿ ಅಶೋಕ್ ಅವರ ಗಾಲ್ಫ್: ಓದುಗರ ಪ್ರಶ್ನೆಗಳಿಗೆ ಉತ್ತರ

ಗಾಲ್ಫ್ ಆಟದ ಬಗ್ಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ಕುರಿತವು. ಅವುಗಳಲ್ಲಿ ಐದನ್ನು ಆರಿಸಿಕೊಂಡು ಈ ಬಾರಿಯ ಜಾಗವನ್ನೆಲ್ಲ ಅವರಿಗೇ ಮೀಸಲಿಟ್ಟಿದ್ದೇನೆ. ಇಲ್ಲಿರುವ ಅಂಕಿ ಅಂಶಗಳು 2024ರ ಕೊನೆಯವರೆಗಿನವು.

ಪ್ರಶ್ನೆ: ಮನೆಯಲ್ಲಿ ಯಾರೂ ಗಾಲ್ಫ್ ಆಡದಿದ್ದರೂ ಅದಿತಿಯವರು ಈ ಆಟಕ್ಕೆ ಬಂದದ್ದು ಹೇಗೆ? ಅಷ್ಟು ಚಿಕ್ಕ ವಯಸ್ಸಿನಲ್ಲಿ ವೃತ್ತಿಪರ ಆಟಗಾರ್ತಿಯಾದದ್ದು ಹೇಗೆ?
— ಶಿವಮೊಗ್ಗದ ಓದುಗರು

ಉತ್ತರ: ಅದಿತಿಯವರು ಹುಟ್ಟಿದ್ದು 1998ರ ಮಾರ್ಚ್ 29ರಂದು, ಬೆಂಗಳೂರಿನಲ್ಲಿ. ಅವರಿಗೆ ಐದು ವರ್ಷ ದಾಟಿದ್ದ ಕಾಲದಲ್ಲಿ ಕುಟುಂಬದವರು ಬೆಳಗಿನ ತಿಂಡಿಗೆಂದು ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನ ಕಾಣುತ್ತಿತ್ತು. ಮಗುವಿಗೆ ಅಲ್ಲಿ ನಡೆಯುತ್ತಿರುವುದೇನೆಂದು ನೋಡುವ ಆಸೆ ಹುಟ್ಟಿತು, ತಂದೆ ಕೈಹಿಡಿದು ಕರೆದುಕೊಂಡು ಹೋದರು. ಮೊದಲು ಕೈಗೆ ಬಂದದ್ದು ಪಟರ್, ಅಂದರೆ ಕುಳಿಯ ಹತ್ತಿರ ಚೆಂಡನ್ನು ಮೆಲ್ಲನೆ ಉರುಳಿಸುವ ಕೋಲು. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಏಕೆಂದರೆ ಮುಂದೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರನ್ನು ಪದಕದ ಹೊಸ್ತಿಲವರೆಗೆ ಕರೆದೊಯ್ದದ್ದೂ ಇದೇ ಕೋಲು.

ಬೆಂಗಳೂರಿನಲ್ಲಿ ಗಾಲ್ಫ್‌ಗೆ ಹಳೆಯ ಬೇರುಗಳಿವೆ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಆದರೂ ಮಧ್ಯಮವರ್ಗದ ಮನೆಯೊಂದರ ಹೆಣ್ಣುಮಗಳು ಆ ಮೈದಾನಗಳಿಂದ ಜಗತ್ತಿನ ಟೂರ್ನಿಗಳಿಗೆ ಹೋಗುವ ದಾರಿ ಆಗ ಇನ್ನೂ ಯಾರೂ ತುಳಿಯದ ದಾರಿಯಾಗಿತ್ತು. ಅದಿತಿಯವರು 13ನೇ ವಯಸ್ಸಿನಲ್ಲೇ, 2011ರಲ್ಲಿ, ಹವ್ಯಾಸಿಯಾಗಿ ಆಡುತ್ತ ದೇಶದ ವೃತ್ತಿಪರ ಮಹಿಳಾ ಟೂರ್‌ನ, ಅಂದರೆ ವರ್ಷವಿಡೀ ನಡೆಯುವ ಟೂರ್ನಿಗಳ ಸರಣಿಯ, ಒಂದು ಟೂರ್ನಿಯನ್ನು ಗೆದ್ದರು. ಹವ್ಯಾಸಿಗಳಿಗೆ ಬಹುಮಾನದ ಹಣ ಸಲ್ಲುವುದಿಲ್ಲವಾದ್ದರಿಂದ ಆ ಗೆಲುವಿನಿಂದ ದಕ್ಕಿದ್ದು ಹೆಸರು ಮಾತ್ರ. 2013ರಲ್ಲಿ ಏಷ್ಯನ್ ಯೂತ್ ಗೇಮ್ಸ್, 2014ರಲ್ಲಿ ಯೂತ್ ಒಲಿಂಪಿಕ್ಸ್ ಮತ್ತು ಏಷ್ಯನ್ ಕ್ರೀಡಾಕೂಟ, 2015ರಲ್ಲಿ ಬ್ರಿಟನ್ನಿನ ಮಹಿಳಾ ಹವ್ಯಾಸಿ ಸ್ಟ್ರೋಕ್ ಪ್ಲೇ ಚಾಂಪಿಯನ್‌ಷಿಪ್‌ನ ಕಿರೀಟ, ಹೀಗೆ ಒಂದರ ಹಿಂದೊಂದು ಮೆಟ್ಟಿಲನ್ನು ಅವರು ಏರುತ್ತ ಹೋದರು.

ನಿರ್ಣಾಯಕ ಮೆಟ್ಟಿಲು ಬಂದದ್ದು 2015ರ ಡಿಸೆಂಬರ್‌ನಲ್ಲಿ, ಮೊರಾಕ್ಕೊದಲ್ಲಿ. ಯುರೋಪಿನ ಮಹಿಳಾ ಟೂರ್‌ನಲ್ಲಿ ಆಡುವ ಹಕ್ಕನ್ನು ಪಡೆಯಲು ಪ್ರತಿವರ್ಷ ಒಂದು ಅರ್ಹತಾ ಸ್ಪರ್ಧೆ ನಡೆಯುತ್ತದೆ. ಆಟಗಾರರು ಅದನ್ನು ಟೂರ್ ಸ್ಕೂಲ್ ಎನ್ನುತ್ತಾರೆ. ಹೆಸರು ಶಾಲೆಯಾದರೂ ಅಲ್ಲಿ ಕಲಿಸುವವರಿಲ್ಲ, ಅದು ಬರೀ ಪರೀಕ್ಷೆ. ಕೆಲವೇ ಕೆಲವು ಸ್ಥಾನಗಳಿಗಾಗಿ ಅನುಭವಿಗಳೂ ಹೊಸಬರೂ ಒಟ್ಟಿಗೆ ಸೆಣಸುವ ಆ ಸ್ಪರ್ಧೆಯನ್ನು 17ರ ಅದಿತಿ ಮೊದಲಿಗರಾಗಿ ಮುಗಿಸಿದರು. ಅದನ್ನು ಗೆದ್ದ ಅತಿ ಕಿರಿಯರೂ ಮೊದಲ ಭಾರತೀಯರೂ ಅವರೇ. 2016ರ ಜನವರಿ 1ರಂದು ಅವರು ವೃತ್ತಿಪರ ಆಟಗಾರ್ತಿಯಾದರು. ಶಾಲೆಯ ಕೊನೆಯ ಪರೀಕ್ಷೆಗಳು ಆಗಿನ್ನೂ ಮುಗಿದಿರಲಿಲ್ಲ.

ಪ್ರಶ್ನೆ: ಅಮೆರಿಕದ ಮಹಿಳಾ ವೃತ್ತಿಪರ ಗಾಲ್ಫ್ ಸಂಘವಾದ ಎಲ್‌ಪಿಜಿಎಯ ಟೂರ್‌ನಲ್ಲಿ ಆಡಿದ ಮೊದಲ ಭಾರತೀಯ ಮಹಿಳೆ ಅದಿತಿಯವರೇ ಅಲ್ಲವೆ?
— ಮಂಗಳೂರಿನ ಓದುಗರು

ಉತ್ತರ: ಅಲ್ಲ. ಆ ಗೌರವ ಸಲ್ಲಬೇಕಾದದ್ದು ಕೋಲ್ಕತ್ತದ ಸ್ಮೃತಿ ಮೆಹ್ರಾ ಅವರಿಗೆ. ಅವರು 1990ರ ದಶಕದಲ್ಲೇ ಆ ಟೂರ್‌ನಲ್ಲಿ ಆಡಿದರು. ಅದಿತಿಯವರು ಅಲ್ಲಿ ಆಡತೊಡಗಿದ್ದು 2017ರಲ್ಲಿ. ಯುರೋಪಿನ ಮಹಿಳಾ ಟೂರ್‌ನಲ್ಲಿ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆ ಮಾತ್ರ ಅದಿತಿಯವರೇ. ಇವೆರಡನ್ನೂ ಬೆರೆಸಿ ಬರೆಯುವುದರಿಂದ ಸ್ಮೃತಿಯವರ ಸಾಧನೆ ಮರೆಯಾಗುತ್ತಿದೆ ಎಂಬ ನೋವು ನನಗಿದೆ.

ಪ್ರಶ್ನೆ: ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವಿಶ್ವ ಕ್ರಮಾಂಕದಲ್ಲಿ 200ನೆಯವರಾಗಿದ್ದ ಆಟಗಾರ್ತಿ ನಾಲ್ಕನೆಯವರಾದದ್ದು ಹೇಗೆ? ನಾವು ಟಿವಿಯಲ್ಲಿ ನೋಡಿದೆವಾದರೂ ಲೆಕ್ಕ ಅರ್ಥವಾಗಲಿಲ್ಲ.
— ತುಮಕೂರಿನ ಶಾಲಾ ಶಿಕ್ಷಕಿ

ಉತ್ತರ: ಮೊದಲು ಲೆಕ್ಕವನ್ನೇ ನೋಡೋಣ. ಒಂದು ಸುತ್ತಿನಲ್ಲಿ 18 ಕುಳಿಗಳಿರುತ್ತವೆ. ಒಳ್ಳೆಯ ಆಟಗಾರರು ಒಂದೊಂದು ಕುಳಿಗೆ ಎಷ್ಟು ಹೊಡೆತಗಳಲ್ಲಿ ಚೆಂಡನ್ನು ಸೇರಿಸಬೇಕೆಂದು ಮೊದಲೇ ನಿಗದಿಯಾಗಿರುತ್ತದೆ. ಆ ಸಂಖ್ಯೆಯನ್ನು ಪಾರ್ ಎನ್ನುತ್ತಾರೆ. ಒಂದು ಹೊಡೆತ ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ಟೋಕಿಯೊ ಕ್ರೀಡಾಕೂಟದ ಗಾಲ್ಫ್ ನಡೆದ ಸೈತಾಮಾ ಪ್ರಾಂತದ ಕಸುಮಿಗಸೇಕಿ ಕ್ಲಬ್‌ನಲ್ಲಿ ಒಂದು ಸುತ್ತಿನ ಪಾರ್ 71. ಅದಿತಿಯವರು ನಾಲ್ಕು ದಿನಗಳಲ್ಲಿ ಕ್ರಮವಾಗಿ 67, 66, 68, 68 ಹೊಡೆತಗಳಲ್ಲಿ ಸುತ್ತು ಮುಗಿಸಿದರು. ಒಟ್ಟು 269, ಅಂದರೆ ಪಾರ್‌ಗಿಂತ 15 ಕಡಿಮೆ. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೋರ್ಡಾ ಪಾರ್‌ಗಿಂತ 17 ಕಡಿಮೆ. ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೊ ತಲಾ 16 ಕಡಿಮೆ. ಅವರಿಬ್ಬರ ನಡುವಿನ ಪ್ಲೇಆಫ್‌ನಲ್ಲಿ, ಅಂದರೆ ಸಮಬಲ ಮುರಿಯಲು ಮತ್ತೆ ಆಡುವ ಹೆಚ್ಚುವರಿ ಆಟದಲ್ಲಿ, ಇನಾಮಿಯವರಿಗೆ ಬೆಳ್ಳಿ, ಕೊ ಅವರಿಗೆ ಕಂಚು ದೊರೆಯಿತು. ನಾಲ್ಕು ದಿನ, 72 ಕುಳಿಗಳು ಮುಗಿದ ಮೇಲೆ ಅದಿತಿಯವರಿಗೂ ಆ ಪ್ಲೇಆಫ್‌ಗೂ ಇದ್ದ ಅಂತರ ಒಂದೇ ಒಂದು ಹೊಡೆತ.

ಇನ್ನು ಇದು ಹೇಗಾಯಿತು ಎಂಬ ಪ್ರಶ್ನೆ. ಅದಿತಿಯವರು ದೂರ ಹೊಡೆಯುವ ಆಟಗಾರ್ತಿಯಲ್ಲ. ಆ ವರ್ಷ ಕೂಟಕ್ಕೆ ಕೆಲವೇ ತಿಂಗಳ ಮುಂಚೆ ಅವರಿಗೆ ಕೋವಿಡ್ ಬಂದು ಮೈಯ ಬಲ ಕುಂದಿತ್ತು, ಮೊದಲೇ ಕಡಿಮೆಯಿದ್ದ ದೂರ ಇನ್ನಷ್ಟು ತಗ್ಗಿತ್ತು. ಕಣದಲ್ಲಿದ್ದ 60 ಮಂದಿಯಲ್ಲಿ ಮೊದಲ ಹೊಡೆತದ ದೂರದ ಲೆಕ್ಕಕ್ಕೆ ಬಂದರೆ ಅವರು ಕೊನೆಯವರ ಸಾಲಿನಲ್ಲಿದ್ದರು. ಕೋರ್ಡಾ ಅವರಂಥವರು ಎರಡನೆಯ ಹೊಡೆತಕ್ಕೆ ಚಿಕ್ಕ ಕಬ್ಬಿಣದ ಕೋಲನ್ನು ಎತ್ತಿಕೊಳ್ಳುವಲ್ಲಿ ಅದಿತಿಯವರು ಉದ್ದನೆಯ ಕೋಲಿನಿಂದ, ಎಷ್ಟೋ ಹಿಂದಿನಿಂದ ಚೆಂಡನ್ನು ಗ್ರೀನ್‌ಗೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗಕ್ಕೆ, ತಲುಪಿಸಬೇಕಾಗಿತ್ತು. ಹಾಗೆ ತಲುಪಿದ ಚೆಂಡು ಕುಳಿಯಿಂದ ದೂರದಲ್ಲೇ ನಿಲ್ಲುವುದು ಸಹಜ. ಅಲ್ಲಿಂದ ಮುಂದೆ ಪಟರ್‌ನ ಕೆಲಸ ಶುರುವಾಗುತ್ತಿತ್ತು.

ಈ ಆಟದಲ್ಲಿ ಇನ್ನೂರು ಗಜ ಹಾರಿಸಿದ ಹೊಡೆತವೂ ಒಂದೇ, ಗೇಣುದ್ದ ಉರುಳಿಸಿದ ಹೊಡೆತವೂ ಒಂದೇ. ನೋಡುಗರ ಕಣ್ಣು ಹಾರುವ ಚೆಂಡಿನ ಹಿಂದೆ ಹೋಗುತ್ತದೆ, ಆದರೆ ಅಂಕಪಟ್ಟಿಯ ಲೆಕ್ಕದಲ್ಲಿ ಅವೆರಡಕ್ಕೂ ಭೇದವಿಲ್ಲ. ಅದಿತಿಯವರು ಇಡೀ ವೃತ್ತಿಜೀವನವನ್ನು ಕಟ್ಟಿದ್ದು ಈ ಸರಳ ಸತ್ಯದ ಮೇಲೆ ಎಂಬುದು ನನ್ನ ನಂಬಿಕೆ. ಟೋಕಿಯೊದಲ್ಲಿ ಪಟಿಂಗ್‌ನಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಇಳಿಜಾರನ್ನು, ಹುಲ್ಲಿನ ಒಲವನ್ನು, ಚೆಂಡು ನಿಲ್ಲುವ ಹೊತ್ತಿನಲ್ಲಿ ಎತ್ತ ವಾಲುತ್ತದೆ ಎಂಬುದನ್ನು ಓದಿ, ಇತರರು ಎರಡು ಹೊಡೆತ ತೆಗೆದುಕೊಳ್ಳುವ ದೂರದಿಂದ ಅವರು ಮತ್ತೆ ಮತ್ತೆ ಒಂದೇ ಹೊಡೆತದಲ್ಲಿ ಕುಳಿ ತುಂಬಿಸಿದರು.

ಕೊನೆಯ ದಿನ 2021ರ ಆಗಸ್ಟ್ 7, ಶನಿವಾರ. ಸಂಜೆ ನೀರಜ್ ಚೋಪ್ರಾ ಅವರ ಚಿನ್ನ ಬಂದದ್ದೂ ಅದೇ ದಿನ. ಮೂರು ಸುತ್ತುಗಳ ಕೊನೆಗೆ ಅದಿತಿಯವರು ಒಬ್ಬರೇ ಎರಡನೆಯ ಸ್ಥಾನದಲ್ಲಿದ್ದರು; ಗಾಲ್ಫ್ ಎಂದರೇನೆಂದು ಅಲ್ಲಿಯವರೆಗೆ ಕೇಳದಿದ್ದ ಮನೆಗಳಲ್ಲೂ ಅಂದು ಬೆಳಗಿನ ಜಾವ ಟಿವಿ ಹಚ್ಚಿದ್ದರು. ಅವರ ಕೋಲುಗಳ ಚೀಲ ಹೊತ್ತು ಕ್ಯಾಡಿಯಾಗಿ ಜೊತೆಗೆ ನಡೆಯುತ್ತಿದ್ದವರು ತಾಯಿ. 2016ರ ರಿಯೊ ಕೂಟದಲ್ಲಿ ಆ ಕೆಲಸ ಮಾಡಿದ್ದವರು ತಂದೆ. ಐದು ಬರ್ಡಿ, ಎರಡು ಬೋಗಿಗಳ ಆ ಸುತ್ತಿನ ನಡುವೆ ಗುಡುಗು ಮಳೆ ಬಂದು ಆಟ ನಿಂತು ಮತ್ತೆ ನಡೆಯಿತು. 18ನೆಯ ಕುಳಿಯಲ್ಲಿ ಅವರ ದೂರದ ಬರ್ಡಿ ಪಟ್ ಕುಳಿ ಸೇರಲಿಲ್ಲ. ಸೇರಿದ್ದರೆ ಅವರೂ ಪಾರ್‌ಗಿಂತ 16 ಕಡಿಮೆಯಾಗಿ, ಬೆಳ್ಳಿ ಕಂಚುಗಳ ಪ್ಲೇಆಫ್ ಮೂವರದ್ದಾಗುತ್ತಿತ್ತು.

ನಾಲ್ಕನೆಯ ಸ್ಥಾನಕ್ಕೆ ಪದಕವಿಲ್ಲ, ನಿಜ. ಆದರೆ ರಿಯೊದಲ್ಲಿ 18ರ ಹುಡುಗಿಯಾಗಿ, ಆ ಕಣದ ಅತಿ ಕಿರಿಯ ಸ್ಪರ್ಧಿಯಾಗಿ, ಮೊದಲೆರಡು ಸುತ್ತುಗಳನ್ನು 68, 68ರಲ್ಲಿ ಮುಗಿಸಿ, ಕೊನೆಯೆರಡು ದಿನ ಜಾರಿ 41ನೆಯ ಸ್ಥಾನಕ್ಕೆ ಇಳಿದಿದ್ದ ಆಟಗಾರ್ತಿಯೇ ಟೋಕಿಯೊದಲ್ಲಿ ನಾಲ್ಕೂ ದಿನ ಒಂದೇ ಹದದಲ್ಲಿ ಆಡಿದರು ಎಂಬುದನ್ನು ಮರೆಯಬಾರದು. ನಾಲ್ಕು ಸುತ್ತುಗಳ ಅಂಕಗಳಲ್ಲಿ ಅತಿ ಹೆಚ್ಚಿಗೂ ಅತಿ ಕಡಿಮೆಗೂ ಇದ್ದ ವ್ಯತ್ಯಾಸ ಎರಡೇ ಹೊಡೆತ.

ಪ್ರಶ್ನೆ: ನಾನು ಅಬುಧಾಬಿಯಲ್ಲಿ ಕೆಲಸ ಮಾಡುವ ಕನ್ನಡಿಗ. ಇಲ್ಲಿಯೂ ಅದಿತಿಯವರು ಒಮ್ಮೆ ಗೆದ್ದಿದ್ದರು ಎಂದು ಕೇಳಿದ್ದೇನೆ. ಅವರ ಒಟ್ಟು ಗೆಲುವುಗಳೆಷ್ಟು?

ಉತ್ತರ: ಯುರೋಪಿನ ಮಹಿಳಾ ಟೂರ್‌ನಲ್ಲಿ ಐದು. ಮೊದಲನೆಯದು 2016ರ ನವೆಂಬರ್‌ನಲ್ಲಿ ಗುರುಗ್ರಾಮದಲ್ಲಿ ನಡೆದ ಮಹಿಳಾ ಇಂಡಿಯನ್ ಓಪನ್. ಗೆಲುವಿನ ಅಂತರ ಒಂದೇ ಹೊಡೆತ. ಎರಡೇ ವಾರಗಳಲ್ಲಿ ದೋಹಾದ ಕತಾರ್ ಓಪನ್ ಕೂಡ ಅವರದಾಯಿತು. ಆ ವರ್ಷದ ಶ್ರೇಷ್ಠ ಹೊಸ ಆಟಗಾರ್ತಿ ಎಂಬ ಗೌರವವೂ ಟೂರ್‌ನ ಒಟ್ಟಾರೆ ಪಟ್ಟಿಯಲ್ಲಿ ಎರಡನೆಯ ಸ್ಥಾನವೂ ಅವರಿಗೆ ದೊರೆತವು. ನೀವು ಕೇಳಿದ ಅಬುಧಾಬಿಯ ಗೆಲುವು 2017ರ ನವೆಂಬರ್‌ನದು, ಮೂರನೆಯದು.

ಆಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಪ್ರಶಸ್ತಿಯಿಲ್ಲ. 2020ನೇ ಸಾಲಿನ ಅರ್ಜುನ ಪ್ರಶಸ್ತಿ, ಟೋಕಿಯೊದ ಸಾಧನೆ ಎರಡೂ ಬಂದದ್ದು ಈ ಬರಗಾಲದ ನಡುವೆಯೇ. ಬರ ಕಳೆದದ್ದು 2023ರಲ್ಲಿ, ಮತ್ತು ನನ್ನ ಅಭಿಪ್ರಾಯದಲ್ಲಿ ಅವರ ವೃತ್ತಿಜೀವನದ ನಿಜವಾದ ಶಿಖರ ಟೋಕಿಯೊದ ನಾಲ್ಕು ದಿನಗಳಲ್ಲ, ಈ ಇಡೀ ವರ್ಷ. ಫೆಬ್ರವರಿಯಲ್ಲಿ ಕೆನ್ಯಾ ಓಪನ್ ಅನ್ನು ಅವರು ಒಂಬತ್ತು ಹೊಡೆತಗಳ ಅಂತರದಿಂದ ಗೆದ್ದರು. ಅದೇ ತಿಂಗಳು ಸೌದಿ ಅರೇಬಿಯದಲ್ಲಿ ಲಿಡಿಯಾ ಕೊ ಅವರ ಹಿಂದೆ ಎರಡನೆಯವರಾದರು. ಏಪ್ರಿಲ್ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ವಿಲ್‌ಷೈರ್ ಕ್ಲಬ್‌ನಲ್ಲಿ ನಡೆದ ಎಲ್‌ಪಿಜಿಎ ಟೂರ್ನಿಯಲ್ಲಿ ಆಸ್ಟ್ರೇಲಿಯದ ಹನ್ನಾ ಗ್ರೀನ್, ಚೀನಾದ ಲಿನ್ ಶಿಯು ಅವರ ಜೊತೆ ಸಮಬಲ ಸಾಧಿಸಿ ಪ್ಲೇಆಫ್ ಆಡಿದರು, ಗೆದ್ದದ್ದು ಗ್ರೀನ್. ನವೆಂಬರ್‌ನಲ್ಲಿ ಸ್ಪೇನಿನ ಮಾರ್ಬೆಯಾದಲ್ಲಿ ಸ್ಪ್ಯಾನಿಷ್ ಓಪನ್ ಗೆದ್ದು ಐದನೆಯ ಪ್ರಶಸ್ತಿಯೊಂದಿಗೆ ವರ್ಷ ಮುಗಿಸಿದರು. ಎಲ್‌ಪಿಜಿಎ ಟೂರ್‌ನ ಪ್ರಶಸ್ತಿ ಮಾತ್ರ ಅವರಿಗೆ ಇನ್ನೂ ಒಲಿದಿಲ್ಲ. ಅಲ್ಲಿನ ಮೈದಾನಗಳ ಉದ್ದ ಹೆಚ್ಚು, ಪೈಪೋಟಿ ಇನ್ನೂ ಹೆಚ್ಚು. ದೂರದಲ್ಲಿ ಹಿಂದೆ ಬಿದ್ದುದನ್ನು ಪಟರ್ ಒಂದರಿಂದಲೇ ವಾರವಾರವೂ ತುಂಬಿಕೊಳ್ಳುವುದು ಯಾರಿಗೂ ಸುಲಭವಲ್ಲ.

2024ರ ಪ್ಯಾರಿಸ್ ಕೂಟದಲ್ಲಿ ಅವರು ಜಂಟಿ 29ನೆಯವರಾದರು. ಅದು ಅವರ ಮೂರನೆಯ ಒಲಿಂಪಿಕ್ಸ್.

ಪ್ರಶ್ನೆ: ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಏಳು ಹೊಡೆತಗಳ ಮುನ್ನಡೆಯಿದ್ದರೂ ಅದಿತಿಯವರಿಗೆ ಚಿನ್ನ ತಪ್ಪಿತು. ಒತ್ತಡ ತಾಳಲಾರದೆ ಸೋತರು ಎಂದು ಗೆಳೆಯರು ಹೇಳುತ್ತಾರೆ. ನಿಮ್ಮ ಅಭಿಪ್ರಾಯವೇನು?
— ಹುಬ್ಬಳ್ಳಿಯ ಓದುಗರು

ಉತ್ತರ: ನಡೆದದ್ದು ಇಷ್ಟು. ಪಾರ್ 72ರ ಆ ಮೈದಾನದಲ್ಲಿ ಅದಿತಿಯವರು ಮೊದಲ ಮೂರು ಸುತ್ತುಗಳನ್ನು 67, 66, 61ರಲ್ಲಿ ಮುಗಿಸಿದರು. 61 ಎಂದರೆ ಪಾರ್‌ಗಿಂತ 11 ಕಡಿಮೆ. ದೊಡ್ಡ ಆಟಗಾರರ ಬದುಕಿನಲ್ಲೂ ಬೆರಳೆಣಿಕೆಯಷ್ಟು ಬಾರಿ ಬರುವ ಸುತ್ತು ಅದು. 2023ರ ಅಕ್ಟೋಬರ್ 1ರಂದು, ಕೊನೆಯ ಸುತ್ತಿನಲ್ಲಿ, ಅವರಿಗೆ ದೊರೆತದ್ದು ಒಂದೇ ಬರ್ಡಿ. ನಾಲ್ಕು ಬೋಗಿಗಳು, ಒಂದು ಕುಳಿಯಲ್ಲಿ ಪಾರ್‌ಗಿಂತ ಎರಡು ಹೆಚ್ಚು. ಒಟ್ಟು 77. ಥಾಯ್ಲೆಂಡಿನ ಅರ್ಪಿಚಯ ಯುಬೊಲ್ ಅದೇ ದಿನ 68ರಲ್ಲಿ ಮುಗಿಸಿ ಚಿನ್ನ ಗೆದ್ದರು. ಏಳರ ಮುನ್ನಡೆ ಎರಡರ ಹಿನ್ನಡೆಯಾಗಿ, ಅದಿತಿಯವರಿಗೆ ಬೆಳ್ಳಿ ದೊರೆಯಿತು.

ಒಂದು ಕೆಟ್ಟ ದಿನವನ್ನು ಆಟಗಾರ್ತಿಯ ಸ್ವಭಾವವೆಂದು ತೀರ್ಮಾನಿಸುವುದನ್ನು ನಾನು ಒಪ್ಪಲಾರೆ. ಟೋಕಿಯೊದ ಕೊನೆಯ ಸುತ್ತಿನ ಒತ್ತಡ ಹಾಂಗ್‌ಝೌ ಕೂಟದ್ದಕ್ಕಿಂತ ಕಡಿಮೆಯೇನೂ ಇರಲಿಲ್ಲ, ಅಲ್ಲಿ ಅವರು ಆಡಿದ್ದು 68. ಹಾಂಗ್‌ಝೌ ಕೂಟದಲ್ಲಿ ಎಡವಿದ ಎರಡು ತಿಂಗಳೊಳಗೆ ಸ್ಪೇನಿನಲ್ಲಿ ಕೊನೆಯ ದಿನದವರೆಗೂ ನಡೆದ ಪೈಪೋಟಿಯನ್ನು ತಾಳಿ ಎರಡು ಹೊಡೆತಗಳಿಂದ ಗೆದ್ದರು. ನಿಮ್ಮ ಗೆಳೆಯರಿಗೆ ಈ ಎರಡು ಸುತ್ತುಗಳನ್ನೂ ದಯವಿಟ್ಟು ತಿಳಿಸಿರಿ. ಚಿನ್ನ ತಪ್ಪಿದ ಬೇಸರದಲ್ಲಿ ಹಿಂದೆ ಸರಿದ ಇನ್ನೊಂದು ಮಾತೂ ಇದೆ: ಏಷ್ಯನ್ ಕ್ರೀಡಾಕೂಟದ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಪದಕ ಬಂದದ್ದು ಅದೇ ಮೊದಲು. ಪುರುಷರಲ್ಲಿ ಲಕ್ಷ್ಮಣ್ ಸಿಂಗ್ 1982ರಲ್ಲಿ, ಶಿವ್ ಕಪೂರ್ 2002ರಲ್ಲಿ ವೈಯಕ್ತಿಕ ಚಿನ್ನ ಗೆದ್ದಿದ್ದರು. ಹಾಂಗ್‌ಝೌ ಕೂಟಕ್ಕೆ ಹೋಗಿದ್ದ ಭಾರತದ ಮಹಿಳಾ ತಂಡದಲ್ಲಿ ಅದಿತಿಯವರ ಜೊತೆಗಿದ್ದವರು ಬೆಂಗಳೂರಿನ ಅವನಿ ಪ್ರಶಾಂತ್ ಮತ್ತು ಮೈಸೂರಿನ ಪ್ರಣವಿ ಅರಸ್, ಮೂವರೂ ಕರ್ನಾಟಕದವರು.